ಊರಿಗೆ ಮುಖ ಮಾಡಿದ ನಗಾರಿ

“ಗುರುಗಳೇ, ಭಯವನ್ನು ಬೇರುಸಹಿತ ಕೀಳುವ ಉಪಾಯವೇನು?” ಎಂದು ಶಿಷ್ಯ ಕೇಳಿದ.

ಹಿಂದಿನ ದಿನ ಅವನು ಸಭೆಯಲ್ಲಿ ಮಾತನಾಡಲು ಎದ್ದು ನಿಂತಿದ್ದ. ಎದೆ ಹೊಡೆದುಕೊಂಡಿತು, ಬಾಯಿ ಒಣಗಿತು, ಕೈ ತಣ್ಣಗಾಯಿತು. ಸತ್ತೇ ಹೋಗುತ್ತೇನೆ ಅನ್ನಿಸಿ ಹೊರಗೆ ಓಡಿದ. ಓಡಿದ ಕೂಡಲೇ ಹಾಯೆನಿಸಿತು. ಇದು ಮೊದಲ ಸಲವೇನಲ್ಲ. “ಈಗೀಗ ಊಟದ ಪಂಕ್ತಿಯಲ್ಲಿ ಕೂರುವುದಕ್ಕೂ ಆಗುತ್ತಿಲ್ಲ. ಇದು ಹೋಗದಿದ್ದರೆ ನಾನೇ ಆಶ್ರಮ ಬಿಟ್ಟು ಹೋಗುತ್ತೇನೆ,” ಎಂದ.

ಗುರು ಒಂದು ಕಥೆ ಹೇಳತೊಡಗಿದರು.

ಬಯಲಿನ ನಡುವೆ ಒಂದು ಊರು. ಊರ ಮುಂದೆ ಒಂದು ಬುರುಜು, ಬುರುಜಿನ ಮೇಲೆ ನಗಾರಿ. ದಾರಿಯ ತುದಿಯಲ್ಲಿ ದೂಳೆದ್ದರೆ ನಗಾರಿಯವನು ಬಾರಿಸಬೇಕು, ಶತ್ರು ಬಂದನೆಂದು ಊರು ತಿಳಿಯಬೇಕು. ಸದ್ದು ಕೇಳಿದೊಡನೆ ಒಲೆಗಳು ಆರುತ್ತಿದ್ದವು. ಬಾವಿಯ ರಾಟೆ ನಿಲ್ಲುತ್ತಿತ್ತು. ತೋಳಿನಲ್ಲಿ ಬಲವಿದ್ದವರೆಲ್ಲ ಊರಬಾಗಿಲು ಮುಚ್ಚಲು ಓಡುತ್ತಿದ್ದರು. ಉಳಿದವರು ಮನೆ ಸೇರಿ ಅಗುಳಿ ಹಾಕುತ್ತಿದ್ದರು.

ನಗಾರಿಯವನಿಗೆ ಒಂದು ಕಟ್ಟಳೆಯಿತ್ತು. ಬಾರಿಸುವಾಗ ಮುಖ ಊರಿನ ಕಡೆಗಿರಬೇಕು. ಎಲ್ಲರೂ ಒಳಗೆ ಸೇರಿದ್ದನ್ನು ಕಾಣುವವರೆಗೆ ಕೈ ನಿಲ್ಲಬಾರದು. ಆಮೇಲೆ ಅವನೂ ಇಳಿದು ಬುರುಜಿನೊಳಗೆ ಅಡಗಬೇಕು. ಹೀಗಾಗಿ ದೂಳಿನಿಂದ ಹೊರಬಂದದ್ದು ಏನೆಂದು ಅವನು ಒಮ್ಮೆಯೂ ನೋಡಿರಲಿಲ್ಲ. ಬಾಗಿಲು ತೆರೆದಾಗ ದಾರಿ ಬರಿದಾಗಿರುತ್ತಿತ್ತು. ‘ಇವತ್ತೂ ಊರು ಉಳಿಯಿತು, ನಗಾರಿಯಿಂದ ಉಳಿಯಿತು’ ಎಂದುಕೊಳ್ಳುತ್ತಿದ್ದ. ಊರೂ ಹಾಗೆಯೇ ನಂಬಿತ್ತು.

ಬರುಬರುತ್ತ ಅವನು ತೆಳು ದೂಳಿಗೂ ಬಾರಿಸಿದ, ಮಂಜಿಗೂ ಬಾರಿಸಿದ, ಮೋಡದ ನೆರಳಿಗೂ ಬಾರಿಸಿದ. ಜನ ಅರೆಬೆಂದ ಅನ್ನ ಉಂಡು, ನಿದ್ದೆಯಲ್ಲಿ ನಡೆಯುವವರಂತೆ ಓಡಾಡುತ್ತಿದ್ದರು. ಬೇಸತ್ತ ಹಿರಿಯರು ಒಮ್ಮೆ ನಗಾರಿಗೆ ಕಂಬಳಿ ಹೊದಿಸಿದರು. ಯಾರಿಗೂ ಕೇಳಿಸುತ್ತಿಲ್ಲವೇನೋ ಎಂದು ಅವನು ಇಮ್ಮಡಿ ಜೋರಾಗಿ ಬಾರಿಸಿದ.

ಊರಬಾಗಿಲ ಹೊರಗೆ ಒಬ್ಬ ಕುಂಬಾರಗಿತ್ತಿ ಮಡಕೆ ಸುಡುವ ಆವಿಗೆಯಿತ್ತು. ಬೆಂಕಿಯನ್ನು ನಡುವೆ ಬಿಟ್ಟು ಓಡಿದರೆ ಮಡಕೆ ಬಿರಿಯುತ್ತದೆ. ಆ ವರ್ಷ ಅವಳು ಹೂಡಿದ ಆವಿಗೆಯೆಲ್ಲ ಹೀಗೆ ಹಾಳಾಗಿತ್ತು. ಈಗ ಹೂಡಿದ್ದೂ ಹೋದರೆ ಕಸುಬು ಬಿಟ್ಟು ಕೂಲಿಗೆ ಹೋಗುವುದೊಂದೇ ದಾರಿ.

ಬೆಂಕಿ ಹದಕ್ಕೆ ಬರುವ ಹೊತ್ತಿಗೆ ದೂಳೆದ್ದಿತು. ನಗಾರಿ ಮೊಳಗಿತು. ಊರು ಒಳಸೇರಿತು. ಅವಳು ಕುಳಿತೇ ಇದ್ದಳು.

“ಏಯ್ ಕುಂಬಾರಗಿತ್ತಿ, ಕಿವಿಗೆ ಮಣ್ಣು ಮೆತ್ತಿಕೊಂಡಿದ್ದೀಯೇನೆ? ಒಳಗೆ ಹೋಗು!” ಎಂದು ನಗಾರಿಯವನು ಮೇಲಿಂದ ಕೂಗಿದ.

“ಕೇಳ್ತಿದೆ ಪುಣ್ಯಾತ್ಮ, ಏಳೂರಿಗೂ ಕೇಳ್ತಿದೆ. ನೀನು ಬಾರಿಸ್ತಾ ಇರು. ನಾನು ಬೆಂಕಿ ನೋಡ್ಕೋಬೇಕು.”

“ಸಾಯ್ತೀಯೆ!”

“ನನಗೂ ಹಾಗೇ ಅನ್ನಿಸ್ತಿದೆ. ಆದರೂ ಮಡಕೆ ಬೇಯಲಿ.”

ಅವಳಿಗೆ ಧೈರ್ಯವೇನೂ ಇರಲಿಲ್ಲ. ನಡುಗುವ ಕೈಯಿಂದಲೇ ಬೆಂಕಿಗೆ ಸೌದೆ ಒಟ್ಟಿದಳು. ಅವಳು ಹೊರಗಿರುವವರೆಗೆ ನಗಾರಿಯವನು ನಿಲ್ಲಿಸುವಂತಿಲ್ಲ. ಬಾರಿಸಿದ, ಇನ್ನೂ ಜೋರಾಗಿ ಬಾರಿಸಿದ. ಆಕಾಶವೇ ಬಿಗಿದ ಚರ್ಮದಂತೆ ಕಂಪಿಸಿತು. ಆದರೆ ಯಾವ ತೋಳೂ ಬಾರಿಸುತ್ತಲೇ ಇರಲಾರದು. ಪೆಟ್ಟು ಸಡಿಲವಾಯಿತು, ಎಲ್ಲೋ ದೂರದ್ದಾಯಿತು, ನಿಂತಿತು. ಮುಂದೇನೆಂದು ತೋಚದೆ ಅವನು ಮೊದಲ ಬಾರಿಗೆ ದಾರಿಯ ಕಡೆ ತಿರುಗಿದ.

ದೂಳಿನೊಳಗಿಂದ ಕುರಿಗಳು ಬರುತ್ತಿದ್ದವು. ಬಿಳಿ ಮೋಡವೊಂದು ನೆಲಕ್ಕಿಳಿದು ಮೆಲ್ಲನೆ ಹರಿದು ಬರುವಂತೆ ಬರುತ್ತಿದ್ದವು. ಹಿಂದೆ ಒಬ್ಬ ಕುರುಬ.

“ನಾವು ಈ ದಾರೀಲಿ ಬಂದಾಗಲೆಲ್ಲ ನಗಾರಿ ಬಾರಿಸಿ ಮರ್ಯಾದೆ ಮಾಡ್ತೀರಿ, ದೊಡ್ಡ ಮನಸ್ಸು ನಿಮ್ಮದು,” ಎಂದ ಕುರುಬ. “ಆದರೆ ಒಂದು ಚೊಂಬು ನೀರು ಕೊಡೋಕೆ ಮಾತ್ರ ಯಾರೂ ಇರೋದಿಲ್ಲವಲ್ಲ!”

ಕುಂಬಾರಗಿತ್ತಿ ನೀರು ಕೊಟ್ಟಳು. ಆವಿಗೆ ಆರಿದ ಮೇಲೆ ತೆಗೆದ ಮಡಕೆಗಳು ಬೆರಳಿಂದ ತಟ್ಟಿದರೆ ಕಂಚಿನಂತೆ ನುಡಿದವು.

ಮತ್ತೆ ದೂಳೆದ್ದಾಗ ಮತ್ತೆ ನಗಾರಿ ಮೊಳಗಿತು. ಅವಳು ಮತ್ತೆ ನಡುಗಿದಳು, ಮತ್ತೆ ಕುಳಿತಳು. ಈ ಸಲ ಬಾವಿಯ ರಾಟೆಯೂ ತಿರುಗುತ್ತಿತ್ತು. ನಗಾರಿ ಬೇಗ ದಣಿಯಿತು.

ಗುರು ಮಾತು ನಿಲ್ಲಿಸಿದರು. ಶಿಷ್ಯ, “ಆ ಹಾಳು ನಗಾರಿಯನ್ನೇ ಬುರುಜಿನಿಂದ ಉರುಳಿಸಿಬಿಡಬೇಕಿತ್ತು,” ಎಂದ.

“ಎಂದೋ ಒಮ್ಮೆ ಆ ದೂಳಿನೊಳಗಿಂದ ಕತ್ತಿ ಹಿರಿದ ಸವಾರರೇ ಬಂದಿದ್ದರು, ಅಂದು ನಗಾರಿ ಕೇಳಿ ಓಡಿ ಉಳಿದವರ ಮಕ್ಕಳಪ್ಪ ನಾವು,” ಎಂದರು ಗುರು.