ಪಡುವಣದಲ್ಲಿ ಹುಟ್ಟಿದ ಚಂದ್ರ

"ಅವ್ವಾ, ಸೂರ್ಯನಿಗೆ ಒಂದು ನೇಮವಿದೆ. ಚಂದ್ರನಿಗೆ ಯಾಕಿಲ್ಲ?" ಎಂದು ಶಿಷ್ಯ ಕೇಳಿದ. "ಒಂದು ದಿನ ಸಂಜೆಗೇ ಬರುತ್ತಾನೆ, ಒಂದು ದಿನ ನಡುರಾತ್ರಿಗೆ. ಒಂದೊಂದು ದಿನ ಬರುವುದೇ ಇಲ್ಲ. ಇಂಥ ಅಲೆಮಾರಿಯನ್ನು ಶಿವ ತಲೆಯ ಮೇಲೆ ಯಾಕೆ ಕೂರಿಸಿಕೊಂಡ?"

ಮಠದ ಗುರು ನೀಲವ್ವ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿದಳು. "ಕೂತುಕೋ, ಹೇಳುತ್ತೇನೆ" ಎಂದಳು.

ಒಂದು ಊರಿನಲ್ಲಿ ಒಬ್ಬ ಶೇಂಗಾ ವ್ಯಾಪಾರಿ ಇದ್ದ. ಅವನ ಹೆಂಡತಿ ವರ್ಷಕ್ಕೆ ಮೂರು ಸಲ ತವರಿಗೆ ಹೋಗುತ್ತಿದ್ದಳು. ಹೋಗುವಾಗ ಕಡ್ಡಿಯಂತೆ ಹೋಗಿ, ಬರುವಾಗ ಮೈ ತುಂಬಿಕೊಂಡು ಬರುತ್ತಿದ್ದಳು. ಅವನ ಮನೆಯ ಊಟ ಹೇಗಿತ್ತು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆ ವರ್ಷ ಅವನ ಅಂಗಳದಲ್ಲಿ ಶೇಂಗಾ ಗುಡ್ಡದಂತೆ ಬಿದ್ದಿತ್ತು. ಬೀಜಕ್ಕಾಗಿ ಅದನ್ನೆಲ್ಲ ಕೈಯಿಂದಲೇ ಸುಲಿಸಬೇಕು. ಹುಣ್ಣಿಮೆಯ ದಿನ ಹನ್ನೆರಡು ಮಂದಿ ಹೆಂಗಸರನ್ನು ಕರೆಸಿದ. ಚಾವಡಿಯ ಹಿರಿಯರ ಮುಂದೆ ವೀಳ್ಯ ಹಿಡಿದು ಮಾತು ಕೊಟ್ಟ.

"ಮುಂದಿನ ಹುಣ್ಣಿಮೆಯ ತನಕ ಕೆಲಸ. ಸೂರ್ಯ ಹುಟ್ಟಿದಾಗ ಬನ್ನಿ, ಚಂದ್ರ ಹುಟ್ಟಿದಾಗ ಹೋಗಿ. ಕೊನೆಯ ದಿನ ಮನೆಗೊಂದು ಚೀಲ ಜೋಳ. ನಡುವೆ ಬಿಟ್ಟವರಿಗೆ ಒಂದು ಕಾಳೂ ಇಲ್ಲ."

ಆ ಸಂಜೆ ಸೂರ್ಯ ಇಳಿಯುವುದಕ್ಕೂ ಚಂದ್ರ ಏರುವುದಕ್ಕೂ ಸರಿಹೋಯಿತು. ಇದಕ್ಕಿಂತ ನ್ಯಾಯ ಯಾವುದು ಎಂದುಕೊಂಡು ಹೆಂಗಸರು ಒಪ್ಪಿದರು.

ಆ ಹನ್ನೆರಡು ಮಂದಿಯಲ್ಲಿ ಒಬ್ಬಳು ಹೊಲ ಕಾಯುವವನ ಹೆಂಡತಿ. ಮದುವೆಯಾಗಿ ಎಂಟು ದಿನವಾಗಿತ್ತು. ಗಂಡ ಕತ್ತಲಾಗುವಾಗ ಜೋಳದ ಹೊಲಕ್ಕೆ ಹೋಗಿ ಬೆಳಕಾದ ಮೇಲೆ ಬರುತ್ತಿದ್ದ. ದಿನವೂ ಸಂಜೆ ಬೇಗ ಬಂದು ಅವನಿಗೆ ಬುತ್ತಿ ಕಟ್ಟಿಕೊಡಬಹುದು, ಅವನು ಹೊರಡುವ ತನಕ ನಾಲ್ಕು ಮಾತಾಡಬಹುದು ಎಂದು ಅವಳ ಲೆಕ್ಕಾಚಾರ.

ಮರುದಿನ ಚಂದ್ರ ಎರಡು ಘಳಿಗೆ ತಡವಾಗಿ ಬಂದ. ಅದರ ಮರುದಿನ ಇನ್ನೆರಡು ಘಳಿಗೆ ತಡ. ವ್ಯಾಪಾರಿ ಅಂಗಳದಲ್ಲಿ ದೀಪ ಹಚ್ಚಿಸಿದ. ಅಷ್ಟಮಿಯ ಹೊತ್ತಿಗೆ ನಡುರಾತ್ರಿಯ ತನಕ ಕೆಲಸ ನಡೆಯಿತು. ಹೆಂಗಸರು ವ್ಯಾಪಾರಿಯ ಅಪ್ಪನನ್ನೂ ಅಜ್ಜನನ್ನೂ ಬೈದರು. ಚಂದ್ರನನ್ನೂ ಬಿಡಲಿಲ್ಲ. ಬೈದು ದಣಿದವರು ಮೂಟೆಗೆ ಒರಗಿ ಗೊರಕೆ ಹೊಡೆದರು.

ಕಾಯುವವನ ಹೆಂಡತಿಗೆ ನಿದ್ದೆ ಬರಲಿಲ್ಲ. ಗಂಡ ಬರುವ ಹೊತ್ತಿಗೆ ಅವಳು ಹೊರಡಬೇಕು. ಇಬ್ಬರೂ ಬೀದಿಯಲ್ಲಿ ಎದುರಾಗುತ್ತಿದ್ದರು. ಜನರ ಮುಂದೆ ಏನು ಮಾತಾಡುವುದು? ಅವನು ಒಮ್ಮೆ ಕೆಮ್ಮುತ್ತಿದ್ದ, ಅವಳು ಒಮ್ಮೆ ಕೆಮ್ಮುತ್ತಿದ್ದಳು. ಅಷ್ಟೇ ಸಂಸಾರ.

ಓಣಿಗೆ ಇದಕ್ಕಿಂತ ಹಬ್ಬ ಬೇಕೇ? ಅವನಿಗೆ ಹೊಲದಲ್ಲಿ ಬೇರೊಬ್ಬಳಿದ್ದಾಳೆ ಎಂದು ಬಾವಿಕಟ್ಟೆಯಲ್ಲಿ ಒಬ್ಬಳು ಹೇಳಿದಳು. ಇವಳಿಗೆ ವ್ಯಾಪಾರಿಯ ಮೇಲೆ ಕಣ್ಣು ಎಂದು ಇನ್ನೊಬ್ಬಳು ಉಪ್ಪುಖಾರ ಹಚ್ಚಿದಳು. ಆ ಬೊಜ್ಜಿನ ಮೇಲೆ ಯಾರು ಕಣ್ಣಿಟ್ಟಾರು ಎಂದು ಯಾರೂ ಯೋಚಿಸಲಿಲ್ಲ.

ಮಾತು ಅತ್ತೆಯ ಕಿವಿಗೆ ಬಿತ್ತು. "ಮಗನಿಗೆ ಹೆಣ್ಣು ತಂದೆನೋ, ಶೇಂಗಾಕ್ಕೆ ಧಾರೆ ಎರೆದೆನೋ? ಹುಣ್ಣಿಮೆಯ ತನಕ ಹೀಗೇ ಆದರೆ ನಿನ್ನನ್ನು ತವರಿಗೆ ಬಿಟ್ಟುಬರುತ್ತೇನೆ" ಎಂದಳು.

ಬಿಡುಗಡೆಯೆಲ್ಲ ಚಂದ್ರನ ಕೈಯಲ್ಲಿತ್ತು. ಅವಳು ಶೇಂಗಾ ಸುಲಿಯುತ್ತ ಮೂಡಣದ ಕಡೆಗೇ ಮುಖ ಮಾಡಿ ಕೂತಳು. ದಿನ ಕಳೆದಂತೆ ಚಂದ್ರ ಸವೆಯುತ್ತಿದ್ದ. ಸವೆದಷ್ಟೂ ಸೂರ್ಯನಿಗೆ ಹತ್ತಿರವಾಗುತ್ತಿದ್ದ. ಚತುರ್ದಶಿಯ ದಿನ ಉಗುರಿನಷ್ಟು ಉಳಿದು, ಸೂರ್ಯನಿಗಿಂತ ತುಸುವೇ ಮೊದಲು ಬಂದ.

ಅಮಾವಾಸ್ಯೆಯ ದಿನ ವ್ಯಾಪಾರಿ, "ಇವತ್ತು ಚಂದ್ರನೇ ಇಲ್ಲ, ಆದ್ದರಿಂದ ಬಿಡುಗಡೆಯೂ ಇಲ್ಲ" ಎಂದು ಹೊಟ್ಟೆ ಕುಣಿಸಿ ನಕ್ಕ.

ಬಿದಿಗೆಯ ಸಂಜೆ ಪಡುವಣದಲ್ಲಿ ಚಂದ್ರನ ಗೆರೆ ಕಾಣಿಸಿತು. "ಚಂದ್ರ ಹುಟ್ಟಿದ, ಹೋಗಿ. ಇನ್ನು ದಿನಾ ಸಂಜೆಗೇ ಬಿಡುತ್ತೇನೆ" ಎಂದು ವ್ಯಾಪಾರಿ ಧರ್ಮರಾಯನಂತೆ ಕೈ ಬೀಸಿದ. ಹೆಂಗಸರು ಚಂದ್ರನಿಗೆ ಕೈಮುಗಿದು ಓಡಿದರು. ಕಾಯುವವನ ಹೆಂಡತಿಯೂ ಓಡಿದಳು. ಮನೆ ಮುಟ್ಟುವಾಗ ಗಂಡ ಆಗಲೇ ಹೊಲದ ದಾರಿ ಹಿಡಿದಿದ್ದ. ಅವಳು ಹೊಸ್ತಿಲ ಮೇಲೆ ಕೂತು ಚಂದ್ರನನ್ನೇ ನೋಡಿದಳು. ಹುಟ್ಟಿದವನು ಏರಬೇಕಲ್ಲ? ಇವನು ಇಳಿಯುತ್ತಿದ್ದಾನೆ. ಊರವರು ಊಟ ಮುಗಿಸುವಷ್ಟರಲ್ಲಿ ಮುಳುಗಿಯೇ ಹೋದ.

ಅವಳು ಬೆರಳು ಮಡಚಿ ಎಣಿಸಿದಳು. ದಿನಕ್ಕೆ ಎರಡು ಘಳಿಗೆ ತಡ ಮಾಡುವವನು, ಸೂರ್ಯ ಸಿಕ್ಕಿದ ಎಂದು ಚಾಳಿ ಬಿಡುತ್ತಾನೆಯೇ? ಸೂರ್ಯನ ಮುಂದೆ ಬರುತ್ತಿದ್ದವನು ಈಗ ಸೂರ್ಯನ ಹಿಂದೆ ಬರುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಇಳಿಯಿತು. ಇನ್ನೂ ಅಂಬಲಿ ಕುಡಿಯುವ ಹೊತ್ತು. ಅವಳು ಎದ್ದು ಮಡಿಲಿನ ಸಿಪ್ಪೆ ಕೊಡವಿದಳು.

"ಚಂದ್ರ ಹುಟ್ಟಿದ, ಸಾಹುಕಾರ್ರೇ. ನಾನು ಹೊರಟೆ."

"ಗಂಡನ ಧ್ಯಾನದಲ್ಲಿ ತಲೆ ಕೆಟ್ಟಿತೇನೇ? ಎಲ್ಲಿದ್ದಾನೆ, ತೋರಿಸು!"

"ಸೂರ್ಯನ ಬೆನ್ನಿಗೇ ಇದ್ದಾನೆ. ಬಿಸಿಲಿಗೆ ಕಾಣುವುದಿಲ್ಲ. ಸಂಜೆ ಕಾಣುತ್ತಾನೆ, ಮುಳುಗುವಾಗ."

"ಸಂಜೆ ಪಡುವಣದಲ್ಲಿ ಹುಟ್ಟುತ್ತಾನೆ. ನಿನ್ನೆ ಊರೆಲ್ಲ ನೋಡಿತು."

"ಹೌದೇ? ನಿಮ್ಮ ಮನೆಯಲ್ಲಿ ಸೂರ್ಯನೂ ಪಡುವಣದಲ್ಲೇ ಹುಟ್ಟುತ್ತಾನೋ?"

ಹನ್ನೊಂದು ಮಂದಿ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ವ್ಯಾಪಾರಿಗೆ ಮೂಗಿನ ತುದಿ ಕೆಂಪಾಯಿತು. ಚಾವಡಿಗೆ ಹೋಗೋಣ ನಡೆ ಎಂದ. ಅವಳು ಹಿರಿಯರ ಮುಂದೆಯೂ ಅದನ್ನೇ ಹೇಳಿದಳು. "ಇವತ್ತು ಸಂಜೆ ಚಂದ್ರ ಒಂದು ಗೇಣು ಮೇಲಕ್ಕೆ ಏರಿದರೆ ಇನ್ನೊಂದು ತಿಂಗಳು ಬಿಟ್ಟಿ ಸುಲಿಯುತ್ತೇನೆ. ಇಳಿದರೆ ಅವರ ಮಾತಿನಂತೆ ನಮ್ಮನ್ನು ಬಿಡಲಿ."

ಸಂಜೆ ಇಡೀ ಊರು ಕೆರೆ ಏರಿಯ ಮೇಲೆ ಕೂತಿತು. ಹುರಿಗಡಲೆ ಮಾರುವವಳಿಗೆ ಒಳ್ಳೆಯ ವ್ಯಾಪಾರ. ತದಿಗೆಯ ಚಂದ್ರ ಕಾಣಿಸಿಕೊಂಡ. "ಏರುತ್ತಾನೆ, ನೋಡುತ್ತಿರಿ" ಎಂದ ವ್ಯಾಪಾರಿ. ಚಂದ್ರ ಹುಣಸೆಮರದ ನೆತ್ತಿಗೆ ಬಂದ. ಆಮೇಲೆ ಕೊಂಬೆಗೆ, ಆಮೇಲೆ ಬುಡಕ್ಕೆ. ವ್ಯಾಪಾರಿ ಎದ್ದು ನಿಂತು ನೋಡಿದ, ಕಲ್ಲಿನ ಮೇಲೆ ಹತ್ತಿ ನೋಡಿದ. ಚಂದ್ರ ಅವನಿಗಾಗಿ ನಿಲ್ಲಲಿಲ್ಲ.

"ಏನಯ್ಯಾ, ನಿನ್ನ ಕೂಸು ಹುಟ್ಟಿದ ಹೊತ್ತಿಗೇ ಮಣ್ಣು ಸೇರಿತಲ್ಲ" ಎಂದು ಹಿರಿಯನೊಬ್ಬ ನಕ್ಕ.

"ಹಾಗಾದರೆ ಯಾವ ಹೊತ್ತಿಗೆ ಹುಟ್ಟಿತು? ಇವಳ ಬಾಯಿಗೆ ಬಂದ ಹೊತ್ತಿಗೋ?"

"ಸಂಜೆ ಸೂರ್ಯ ಹೋದ ಮೇಲೆ ಎಷ್ಟು ಹೊತ್ತು ಉಳಿಯುತ್ತಾನೋ, ಬೆಳಿಗ್ಗೆ ಸೂರ್ಯ ಬಂದ ಮೇಲೆ ಹೆಚ್ಚುಕಡಿಮೆ ಅಷ್ಟು ಹೊತ್ತಿಗೆ ಹುಟ್ಟುತ್ತಾನೆ" ಎಂದಳು ಅವಳು. "ನಂಬದಿದ್ದರೆ ಅಷ್ಟಮಿಯ ಮಧ್ಯಾಹ್ನ ಊಟ ಮಾಡಿ ಅಂಗಳಕ್ಕೆ ಬನ್ನಿ. ಅರ್ಧ ಚಂದ್ರ ಮೂಡಣದಲ್ಲಿ ಏರುತ್ತಿರುತ್ತಾನೆ. ಬೆರಳಿಟ್ಟು ತೋರಿಸುತ್ತೇನೆ."

ಅಷ್ಟಮಿಯ ಮಧ್ಯಾಹ್ನ ತೋರಿಸಿದಳು. ಬಿಸಿಲಿನಲ್ಲಿ ಚಂದ್ರ ಮೊಸರಿನ ಕೆನೆಯಂತೆ ನಿಂತಿದ್ದ. ಹುಟ್ಟಿದಾಗಿನಿಂದ ಅದೇ ಆಕಾಶದ ಕೆಳಗಿದ್ದ ಜನ ಬಾಯಿ ತೆರೆದು ನೋಡಿದರು.

ಆದರೆ ಅಷ್ಟಮಿಯ ತನಕ ಕಾಯುವ ಗರಜು ಅವಳಿಗಿರಲಿಲ್ಲ. ಹಿರಿಯರು ಏರಿಯ ಮೇಲೆಯೇ ತೀರ್ಪು ಕೊಟ್ಟಿದ್ದರು. ಚೌತಿಯ ಬೆಳಿಗ್ಗೆ ಹನ್ನೆರಡು ಮಂದಿಯೂ ಒಂದು ಹಿಡಿ ಸುಲಿದು, ಹೊತ್ತು ನೋಡಿ, ಸೋಬಾನೆ ಹಾಡುತ್ತ ಎದ್ದುಹೋದರು. ಗುಡ್ಡದಷ್ಟು ಶೇಂಗಾದ ಮುಂದೆ ವ್ಯಾಪಾರಿ ಒಬ್ಬನೇ ಕೂತು ಸುಲಿದ. ಅವನ ಬೆರಳು ಬಾತುಕೊಂಡ ಸುದ್ದಿ ಕೇಳಿ ಹೆಂಡತಿ ತವರಿನಿಂದ ಓಡಿಬಂದಳು. ಸಹಾಯಕ್ಕಲ್ಲ, ನೋಡುವುದಕ್ಕೆ.

ಕಾಯುವವನ ಹೆಂಡತಿ ಮನೆ ಸೇರಿದಾಗ ಗಂಡ ಆಗ ತಾನೇ ಕೈತೊಳೆದು ಕಂಬಳಿ ಹಾಸುತ್ತಿದ್ದ. ಅವನು ಕೆಮ್ಮಿದ. ಅವಳು ಕೆಮ್ಮಲಿಲ್ಲ, ಬಾಗಿಲು ಹಾಕಿದಳು.

ಓಣಿಯವರು ಕೂಡಲೇ ಸೇರಿದರು. ಗಂಡಹೆಂಡಿರು ಮುಖ ನೋಡುವುದಿಲ್ಲ ಎಂದು ನಿನ್ನೆಯ ತನಕ ಲೊಚಗುಟ್ಟಿದ ನಾಲಿಗೆಗಳೇ ಇವತ್ತು ಬೇರೆ ರಾಗ ತೆಗೆದವು. "ಹಾಡುಹಗಲಲ್ಲಿ ಬಾಗಿಲು ಹಾಕಿಕೊಳ್ಳುವುದೇ? ನಾಚಿಕೆ ಮಾನ ಇಲ್ಲವೇ?"

ಅತ್ತೆ ಹೊಸ್ತಿಲಿಗೆ ಅಡ್ಡ ಕೂತು ಕಾಲು ಚಾಚಿದಳು. "ಚಂದ್ರ ಹುಟ್ಟಿದ್ದಾನೆ ಕಣ್ರೇ. ನಿಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ನಡೆಯಿರಿ!"

ಹುಣ್ಣಿಮೆಯ ದಿನ ಜೋಳ ಬಂತು. ಸೊಸೆ ತವರಿಗೆ ಹೋಗಲಿಲ್ಲ. ಹೋಗು ಎಂದರೂ ಗಂಡ ಬಿಡುವಂತಿರಲಿಲ್ಲ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೊರೆಸಿಕೊಂಡು, "ಬಲು ಜಾಣೆ ಅವಳು. ಅದೇ ಅಂಗಳದಲ್ಲಿ ಕೂತ ಉಳಿದವರಿಗೆ ಇದು ಯಾಕೆ ಹೊಳೆಯಲಿಲ್ಲ ಅವ್ವಾ?" ಎಂದ.

ನೀಲವ್ವ ಹೇಳಿದಳು: "ಯಾಕೆ ತಡವಾಗಿ ಬಂದೆ ಎಂದು ಬೈದವರು ಹನ್ನೊಂದು ಮಂದಿ, ಬಂದವನ ಮುಖ ನೋಡಿದವಳು ಒಬ್ಬಳೇ."