ಓಗೊಟ್ಟ ಕುರ್ವೆ

ನಮ್ಮ ಹೊಳೆ ಕಡಲು ಸೇರುವ ಅಳಿವೆಯ ನಡುವೆ ಒಂದು ಪುಟ್ಟ ನಡುಗಡ್ಡೆಯಿದೆ. ನಡುಗಡ್ಡೆಗೆ ಇಲ್ಲಿಯವರು ಕುರ್ವೆ ಎನ್ನುತ್ತಾರೆ. ರಜೆ ಬಂತೆಂದರೆ ಪೇಟೆಯ ಜನ ದೋಣಿಯಲ್ಲಿ ಬಂದಿಳಿಯುತ್ತಾರೆ. ಒಂದು ಗಳಿಗೆಯಲ್ಲಿ ಸುತ್ತಿ ಮುಗಿಸಬಹುದಾದಷ್ಟೇ ನೆಲ. ಪಡುವಣ ಮಗ್ಗುಲಲ್ಲಿ ಮಕ್ಕಳು ಈಜುತ್ತಾರೆ, ಇಳಿತದ ಹೊತ್ತಿಗೆ ದೊಡ್ಡವರು ಬಂಡೆಗಳಲ್ಲಿ ಚಿಪ್ಪು ಆಯುತ್ತಾರೆ. ಸುತ್ತ ಉಪ್ಪುನೀರಿದ್ದರೂ ಬಾವಿಯ ನೀರು ಸಿಹಿ. ಅದನ್ನು ಕುಡಿದು ಬೆರಗಾಗುತ್ತಾರೆ. ಓಗೊಟ್ಟ ಕುರ್ವೆ ಎಂಬ ಇದರ ಹೆಸರಿನ ಕಥೆಯನ್ನು ಮಾತ್ರ ಕೇಳುವವರು ಕಡಿಮೆ. ಕೇಳಿದವರಿಗೆ ನನ್ನ ಅಜ್ಜಿ ಹೇಳಿದ್ದನ್ನೇ ನಾನು ಹೇಳುತ್ತೇನೆ.

ಹಿಂದೆ ಒಮ್ಮೆ ಈ ಕರಾವಳಿಯ ಊರುಗಳಿಗೆಲ್ಲ ಸಿಡುಬು ಹಬ್ಬಿತ್ತಂತೆ. ರೋಗ ತಗುಲಿದವರನ್ನು ಕುರ್ವೆಯ ಗುಡಿಸಲಿಗೆ ಸಾಗಿಸಬೇಕು, ನಲವತ್ತು ದಿನ ಅಲ್ಲಿಂದ ಯಾರೂ ಬರಬಾರದು, ಅಲ್ಲಿಗೆ ಯಾರೂ ಇಳಿಯಬಾರದು ಎಂದು ಊರ ಹಿರಿಯರು ಕಟ್ಟು ಮಾಡಿದರು. ಸಾಗಿಸುವ ಕೆಲಸ ಜಟ್ಟು ಅಂಬಿಗನ ಪಾಲಿಗೆ ಬಂತು. ಅವನು ಕಣ್ಣೊರೆಸಿಕೊಳ್ಳುತ್ತಲೇ ಎಷ್ಟೋ ಮನೆಯ ಮಕ್ಕಳನ್ನು ದಾಟಿಸಿದ. ಕೊನೆಗೆ ಅವನ ಒಬ್ಬಳೇ ಮಗಳು, ಹನ್ನೊಂದರ ಸೋಮಿಯ ಮೈಮೇಲೂ ಗುಳ್ಳೆ ಎದ್ದವು. ಹೆಂಡತಿ ಮಾಸ್ತಿ ಅವನ ಕಾಲು ಹಿಡಿದಳು. "ಬಾಗಿಲು ಹಾಕ್ಕೊಂಡು ಮನೆಯಲ್ಲೇ ನೋಡ್ಕಳ್ತೆ. ಕೂಸನ್ನ ಕಳಿಸಬೇಡಿ."

"ಊರವರ ಮಕ್ಕಳನ್ನ ಬಿಟ್ಟುಬಂದವ ನಾನು. ನನ್ನ ಮಗಳನ್ನ ಹ್ಯಾಗೆ ಅಡಗಿಸಿಡಲಿ?" ಎಂದ ಜಟ್ಟು.

ಮಾಸ್ತಿ ಮಗಳನ್ನು ಎತ್ತಿಕೊಂಡು ತಾನೂ ದೋಣಿ ಹತ್ತಿದಳು. ದಾಟುವಷ್ಟು ಹೊತ್ತೂ ಗಂಡನ ಮುಖ ನೋಡಲಿಲ್ಲ.

ಅಂದಿನಿಂದ ಜಟ್ಟು ದಿನವೂ ಗಂಜಿಯ ಗಡಿಗೆಯನ್ನು ದಡದ ಹಾಸುಗಲ್ಲಿನ ಮೇಲಿಟ್ಟು, ದೋಣಿಯನ್ನು ಹಿಂದೆ ತೆಗೆದು, "ಮಾಸ್ತೀ" ಎಂದು ಕೂಗುತ್ತಿದ್ದ. ಮುಂಡುಗದ ಪೊದೆಗಳಾಚೆ, ಗಾಳಿ ಅಲೆಗಳ ಸದ್ದಿನೊಳಗಿಂದ, "ಓ" ಎಂಬ ದನಿ ಬರುತ್ತಿತ್ತು. ಅಷ್ಟು ಕೇಳಿ ಅವನು ಹಿಂದಿರುಗುತ್ತಿದ್ದ. ಮೂವತ್ತೈದನೆಯ ದಿನ ಧೈರ್ಯ ತಂದುಕೊಂಡು, "ನನ್ನ ಮೇಲೆ ಇನ್ನೂ ಸಿಟ್ಟದೆಯೇನೇ?" ಎಂದು ಕೇಳಿದ. ಸ್ವಲ್ಪ ತಡೆದು, "ಇಲ್ಲಾ" ಎಂಬ ಉತ್ತರ ಬಂತು. ಅವತ್ತು ಅವನು ಮನೆಗೆ ಹೋಗಿ ಹೊಟ್ಟೆತುಂಬ ಉಂಡನಂತೆ.

ನಲವತ್ತು ದಿನ ತುಂಬಿದ ಬೆಳಿಗ್ಗೆ ಜಟ್ಟು ಕುರ್ವೆಗಿಳಿದ. ಮುಖದ ತುಂಬ ಕಲೆಗಳಾಗಿದ್ದ ಸೋಮಿ ಒಬ್ಬಳೇ ಎದುರು ಬಂದಳು.

"ಅಬ್ಬೆ ಎಲ್ಲೇ?"

"ನಂಗೆ ಗುಣ ಆಗೂ ಹೊತ್ತಿಗೆ ಅಬ್ಬೆಗೆ ಬಂತು ಅಪ್ಪಾ. ಹೋಗಿ ಹನ್ನೆರಡು ದಿನ ಆಯ್ತು. 'ನಾನಿಲ್ಲ ಅಂತ ಗೊತ್ತಾದ್ರೆ ನಿನ್ನಪ್ಪ ಇಲ್ಲಿಗೆ ಇಳೀತಾನೆ, ಅವನಿಗೂ ಬರ್ತದೆ. ನಿಂಗೆ ಒಬ್ಬನಾದ್ರೂ ಉಳೀಬೇಕು, ಅವ ಕರೆದಾಗ ನೀನೇ ಓಗೊಡು' ಅಂದಿದ್ಳು."

ಜಟ್ಟು ಮೆಲ್ಲಗೆ ಕೇಳಿದ. "ಹಾಗಾದ್ರೆ, ಸಿಟ್ಟಿಲ್ಲ ಅಂದದ್ದು?"

"ನಾನೇ."

"ಅಬ್ಬೆ ಆ ಬಗ್ಗೆ ಏನಾದ್ರೂ ಹೇಳಿದ್ಳಾ?"

ಸೋಮಿಗೆ ಸುಳ್ಳು ಹೇಳಲಾಗಲಿಲ್ಲ. ತಲೆ ತಗ್ಗಿಸಿ, "ಇಲ್ಲ ಅಪ್ಪಾ" ಎಂದಳು.

ಜಟ್ಟು ಮಗಳನ್ನು ಊರಿಗೆ ಕರೆತಂದು ಅಕ್ಕನ ಮನೆಯಲ್ಲಿ ಬಿಟ್ಟ. ತಾನು ಕುರ್ವೆಗೆ ಮರಳಿ, ಬೇನೆ ಅಡಗುವವರೆಗೂ ರೋಗಿಗಳ ನಡುವೆಯೇ ಇದ್ದು ಅವರ ಬಾಯಿಗೆ ನೀರು ಬಿಟ್ಟ. ಅವನಿಗೆ ಸಿಡುಬು ತಗುಲಲೇ ಇಲ್ಲ. ಅದೇ ಅವನಿಗಾದ ಶಿಕ್ಷೆ ಎನ್ನುತ್ತಾರೆ. ಸೋಮಿ ಮುಪ್ಪಿನವರೆಗೂ ಬಾಳಿದಳು. ಯಾರು ಹೆಸರು ಹಿಡಿದು ಕರೆದರೂ ಓಗೊಡದೆ, ಎದ್ದು ಹತ್ತಿರ ಹೋಗಿ ನಿಲ್ಲುತ್ತಿದ್ದಳಂತೆ.

ಈಗಲೂ ಕುರ್ವೆಯ ಮೂಡಣ ತುದಿಗೆ ಹೋದವರು ಒಂದು ಸಮಾಧಿಯನ್ನು ಕಾಣಬಹುದು. ಬರಹವಿಲ್ಲ, ಕಟ್ಟೆಯಿಲ್ಲ. ಆಳುದ್ದಕ್ಕೆ ಒತ್ತಾಗಿ ಜೋಡಿಸಿದ ನೂರಾರು ಕಲ್ಲುಗಳು. ಬಾಗಿ ನೋಡಿದರೆ ತಿಳಿಯುತ್ತದೆ, ಹನ್ನೊಂದು ವರ್ಷದ ಕೈಗಳು ಎತ್ತಲಾರದ ಕಲ್ಲು ಅದರಲ್ಲಿ ಒಂದೂ ಇಲ್ಲ.