ಕತ್ತಿಯ ಆಟ, ಕರುಗಳ ಆಟ

"ಮಕ್ಕಳಿಗೆ ಯಾವ ವಿಡಿಯೋ ಗೇಮ್ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತಿಳಿಯುವುದು ಹೇಗೆ?" ಎಂದು ಪುಂಡಲೀಕ ಕೇಳಿದ.

ಅವನು ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟರು. ಗುರುಗಳ ಬಳಿ ಬಂದಾಗಲೆಲ್ಲ ಆತ್ಮದ ಬಗ್ಗೆ ಕೇಳುವ ಶಿಷ್ಯ. ಅಂದು ಅವನ ಮುಖ ಬಾಡಿತ್ತು. ಮಗ ಆಡುತ್ತಿದ್ದ ಒಂದು ಆಟವನ್ನು ಅವನು ಹಿಂದಿನ ದಿನ ಮೊಬೈಲಿನಿಂದ ಅಳಿಸಿಹಾಕಿದ್ದ. ಆಗಿನಿಂದ ಮಗ ಅವನೊಡನೆ ಮಾತು ಬಿಟ್ಟಿದ್ದ. ಸಿಟ್ಟಾಗಿದ್ದರೆ ಅರ್ಥವಾಗುತ್ತಿತ್ತು, ಆದರೆ ಹುಡುಗ ಮೂಲೆ ಹಿಡಿದು ದುಃಖಿಸುತ್ತಿದ್ದಾನೆ ಎಂದ. ಆಟ ಬುದ್ಧಿ ಬೆಳೆಸುತ್ತದೆ ಎಂದು ಒಬ್ಬರು ಹೇಳುತ್ತಾರೆ, ಬುದ್ಧಿ ಕೆಡಿಸುತ್ತದೆ ಎಂದು ಇನ್ನೊಬ್ಬರು. ಯಾವ ವಯಸ್ಸಿನವರು ಆಡಬಹುದೆಂದು ಆಟದ ಮೇಲೆಯೇ ಬರೆದಿರುತ್ತದೆ, ಬರೆದವರಿಗೆ ತನ್ನ ಮಗ ಗೊತ್ತಿಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಒಂದೂ ತಿಳಿಯುತ್ತಿಲ್ಲ ಎಂದು ಪುಂಡಲೀಕ ತಲೆ ಕೆರೆದುಕೊಂಡ.

ಗುರುಗಳು ನಕ್ಕರು. ತಾವು ಆಡಿದ್ದು ಚೌಕಾಬಾರ ಒಂದೇ, ಅದರಲ್ಲೂ ಸೋಲುತ್ತಿದ್ದವರು, ಆದರೂ ಒಂದು ಕತೆ ಗೊತ್ತು ಎಂದು ಹೇಳತೊಡಗಿದರು.

ಒಂದು ದೇವಸ್ಥಾನದಲ್ಲಿ ಒಬ್ಬ ಅಡಿಗೆಯವನಿದ್ದ. ದೇವರಿಗೆ ನೈವೇದ್ಯವಾಗುವ ತನಕ ಅಡಿಗೆಯ ರುಚಿ ನೋಡುವಂತಿಲ್ಲ, ಅದು ಅಲ್ಲಿನ ಕಟ್ಟಳೆ. ಆದ್ದರಿಂದ ಅವನು ಕಣ್ಣು, ಕಿವಿ, ಮೂಗು ಇಷ್ಟರಲ್ಲೇ ಕೆಲಸ ನಡೆಸುತ್ತಿದ್ದ. ಕುದಿಯುವ ಸದ್ದು ಕೇಳಿ ಬೇಳೆ ಬೆಂದಿದೆ ಎನ್ನುತ್ತಿದ್ದ. ಹಬೆಯ ಜೊತೆ ಬಂದ ವಾಸನೆಯಿಂದಲೇ ಸಾರಿಗೆ ಹುಳಿ ಸಾಲದು ಎನ್ನುತ್ತಿದ್ದ. ಊರೆಲ್ಲ ಅವನ ಕೈರುಚಿಯನ್ನು ಹೊಗಳುತ್ತಿತ್ತು. ಹೊಗಳಿಕೆ ತಲೆಗೆ ಏರದೆ ಬಿಡುತ್ತದೆಯೇ? ಜಗತ್ತಿನ ಯಾವುದನ್ನಾದರೂ ಬಾಯಿಗೆ ಹಾಕಿಕೊಳ್ಳದೆಯೇ ಅಳೆಯಬಲ್ಲೆ ಎಂದು ಅವನು ತಿಳಿದುಕೊಂಡ.

ಅವನಿಗೆ ಒಬ್ಬಳೇ ಮಗಳು. ಅವಳು ಹಳೆಯದೊಂದು ಮೊಬೈಲಿನಲ್ಲಿ ಎರಡು ಆಟ ಆಡುತ್ತಿದ್ದಳು. ಒಂದು ಕತ್ತಿಯ ಆಟ, ಇನ್ನೊಂದು ಕರುಗಳ ಆಟ. ಅಡಿಗೆಯವನು ತನ್ನ ಪದ್ಧತಿಯಂತೆ ದೂರ ನಿಂತು ನೋಡಿದ, ಕಿವಿಗೊಟ್ಟು ಕೇಳಿದ. ಒಂದರಲ್ಲಿ ರಾಕ್ಷಸರ ತಲೆ ಉರುಳುತ್ತಿತ್ತು, ಅರಚಾಟ ಕೇಳುತ್ತಿತ್ತು. ಇನ್ನೊಂದರಲ್ಲಿ ಹಸಿರು ಹುಲ್ಲು, ಕೊಳಲಿನ ದನಿ, ಕೊರಳ ಗಂಟೆ. ಇದರಲ್ಲಿ ಯೋಚಿಸುವುದೇನಿದೆ? ಕತ್ತಿಯ ಆಟವನ್ನು ಅಳಿಸಿದ. ಕರುಗಳ ಆಟವನ್ನು ಎಷ್ಟು ಬೇಕಾದರೂ ಆಡು ಎಂದ. ಇದು ಗೋಸೇವೆಯೇ ಸೈ ಎಂದು ಬೀಗಿ, ದರ್ಶನಕ್ಕೆ ಬಂದ ತಂದೆತಾಯಿಗಳಿಗೂ ಅದನ್ನೇ ಶಿಫಾರಸು ಮಾಡಿದ.

ಕೆಲವು ತಿಂಗಳಲ್ಲಿ ಮಗಳು ಇಳಿದುಹೋದಳು. ತಟ್ಟೆಯ ಮುಂದೆ ಕೂತವಳು ಅರ್ಧಕ್ಕೇ ಎದ್ದು ಓಡುವಳು. ಬೆಳಗಾದರೆ ಬೆಚ್ಚಿ ಎದ್ದು ಮೊಬೈಲು ಹುಡುಕುವಳು. ಹೊಟ್ಟೆನೋವೆಂದು ಸುಳ್ಳು ಹೇಳಿ ಶಾಲೆ ತಪ್ಪಿಸಿದಳು. ಅಡಿಗೆಯವನಿಗೆ ದಿಗಿಲಾಯಿತು. ದೃಷ್ಟಿ ತೆಗೆಸಿದ, ತಾಯಿತ ಕಟ್ಟಿಸಿದ. ಕರುಗಳಿಗೆ ಹುಲ್ಲು ಹಾಕುವ ಹುಡುಗಿಗೆ ಎಲ್ಲಿಂದ ಕೇಡು ಬಂದೀತು? ತಾನು ಶಿಫಾರಸು ಮಾಡಿದ ಮನೆಗಳಲ್ಲಿ ಹೋಗಿ ವಿಚಾರಿಸಿದ. ಒಂದು ಮನೆಯಲ್ಲಿ ಅದೇ ಆಟ ಆಡುವ ಮಗು ಗುಂಡುಗುಂಡಾಗಿತ್ತು, ನಗುನಗುತ್ತಾ ಇತ್ತು. ಇನ್ನೊಂದು ಮನೆಯವರು ಅವನ ಮಾತು ಕೇಳದೆ ಕತ್ತಿಯ ಆಟವನ್ನೇ ಉಳಿಸಿಕೊಂಡಿದ್ದರು. ಆ ಹುಡುಗ ರಾಕ್ಷಸರನ್ನು ಕೊಂದು ಮುಗಿಸಿ ಅಂಗಳದಲ್ಲಿ ಚೆಂಡಾಡುತ್ತಿದ್ದ. ಅಡಿಗೆಯವನಿಗೆ ತಲೆ ಕೆಟ್ಟುಹೋಯಿತು. ಮನೆಗೆ ಬಂದು ಮತ್ತೆ ದೂರ ನಿಂತು ಕಿವಿಗೊಟ್ಟ. ಅದೇ ಕೊಳಲು, ಅದೇ ಗಂಟೆ.

ಕೊನೆಗೊಂದು ಬೆಳಿಗ್ಗೆ ಅವನು ನೈವೇದ್ಯದ ಪಾಯಸವನ್ನು ಒಲೆಯ ಮೇಲಿಟ್ಟು, ಅಡಿಗೆಮನೆಯ ಹೊಸ್ತಿಲಾಚೆ ಕೂತಿದ್ದ ಮಗಳನ್ನು ಏನಾಗಿದೆ ನಿನಗೆ ಎಂದು ಕೇಳಿದ. ಅವಳನ್ನೇ ಕೇಳಬಹುದೆಂದು ಅಲ್ಲಿಯ ತನಕ ಅವನಿಗೆ ಹೊಳೆದಿರಲಿಲ್ಲ.

"ಹೊತ್ತಿಗೆ ಸರಿಯಾಗಿ ಹುಲ್ಲು ಹಾಕ್ದೆ ಇದ್ರೆ ಕರು ಸತ್ತೋಗತ್ತೆ ಅಪ್ಪ," ಎಂದಳು ಮಗಳು. "ನಾನು ಸ್ಕೂಲಲ್ಲಿದ್ದಾಗ ನನ್ನ ಗೌರಿ ಕರು ಸತ್ತೋಯ್ತು. ಕತ್ತಿ ಆಟದಲ್ಲಿ ಸತ್ತೋರು ಮತ್ತೆ ಎದ್ದು ಬರ್ತಿದ್ರು. ಇದರಲ್ಲಿ ಬರಲ್ಲ."

ಅಡಿಗೆಯವನು ನಂಬಲಿಲ್ಲ. ಇಷ್ಟು ಇಂಪಾದ ಆಟದಲ್ಲಿ ಹಾಗಿರಲಾರದು ಎಂದುಕೊಂಡ. ಒಮ್ಮೆ ರುಚಿ ನೋಡಿಯೇಬಿಡೋಣವೆಂದು, ಮಡಿಯಲ್ಲಿದ್ದುದನ್ನೂ ಮರೆತು ಕೈ ಚಾಚಿ ಮೊಬೈಲು ಇಸಕೊಂಡ. ಒಂದು ಕರುವಿಗೆ ಹುಲ್ಲು ಹಾಕಿದ. ಇನ್ನೊಂದು ಕೂಗಿತು. ಅದಕ್ಕೆ ನೀರು ಕುಡಿಸುವಷ್ಟರಲ್ಲಿ ಮತ್ತೊಂದು ಮಲಗಿಬಿಟ್ಟಿತು. ಇತ್ತ ಪಾಯಸ ತಳ ಹಿಡಿಯಿತು. ಸೀದ ವಾಸನೆ ಗರ್ಭಗುಡಿಯ ತನಕ ಹೋಯಿತು. ಅರ್ಚಕರಿಗೆ ತಿಳಿಯಿತು, ಪ್ರದಕ್ಷಿಣೆ ಹಾಕುವವರಿಗೆ ತಿಳಿಯಿತು, ಊರು ಹೊಗಳಿದ ಆ ಮೂಗಿಗೆ ಮಾತ್ರ ತಿಳಿಯಲಿಲ್ಲ. ಮಗಳು ತೋಳು ಹಿಡಿದು ಅಲುಗಿಸಿದಳು.

"ತಡಿ ಪುಟ್ಟಿ, ಇದೊಂದು ಕರು ಉಳಿಸ್ಕೊಂಡು ಬಂದ್ಬಿಡ್ತೀನಿ," ಎಂದ ಅಡಿಗೆಯವನು.

ಮಗಳು ಎಂದೂ ದಾಟದ ಹೊಸ್ತಿಲನ್ನು ದಾಟಿ ಒಳಗೆ ಹೋಗಿ ಒಲೆ ಆರಿಸಿದಳು. ತಿರುಗಿ ಬಂದು ಅಪ್ಪನ ಪಕ್ಕದಲ್ಲಿ ಕೂತಳು. ಬಯ್ಯಲಿಲ್ಲ, ಮೊಬೈಲು ಕಿತ್ತುಕೊಳ್ಳಲಿಲ್ಲ. ಕರು ಉಳಿಯಿತೇ ಎಂದು ಕೇಳಿದಳು. ಉಳಿಯಲಿಲ್ಲ ಎಂದು ಹೇಳುವಾಗ ಅಡಿಗೆಯವನ ಕಣ್ಣಲ್ಲಿ ನೀರಿತ್ತು. ಅಂದು ದೇವರ ಊಟ ತಡವಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪುಂಡಲೀಕ ಕಾದ. ಕತೆ ಮುಂದುವರಿಯಲಿಲ್ಲ. ಹಾಗಾದರೆ ಆಮೇಲೆ ಅಡಿಗೆಯವನು ಕರುಗಳ ಆಟವನ್ನು ಅಳಿಸಿದನೇ, ಕತ್ತಿಯ ಆಟವನ್ನು ವಾಪಸು ತಂದನೇ ಎಂದು ಕೇಳಿದ. ಅದು ತಮಗೆ ಗೊತ್ತಿಲ್ಲ, ಅಪ್ಪ ಮಗಳು ಬಹಳ ಹೊತ್ತು ಕೂತು ಏನೋ ಮಾತಾಡಿಕೊಂಡರಂತೆ ಎಂದರು ಗುರುಗಳು. ಪುಂಡಲೀಕನ ಗೊಂದಲ ಬಂದಾಗ ಇದ್ದುದಕ್ಕಿಂತ ಹೆಚ್ಚಾಯಿತು. ಅಳತೆಗೋಲು ಕೇಳಲು ಬಂದರೆ ಕೈಯಲ್ಲಿದ್ದುದನ್ನೂ ಕಸಿದುಕೊಂಡರಲ್ಲ ಎಂದು ಅವನಿಗೆ ಸ್ವಲ್ಪ ಸಿಟ್ಟೂ ಬಂತು.

"ಗುರುಗಳೇ, ಕರುಗಳ ವಿಷಯ ಬಿಡಿ," ಎಂದ. "ನನ್ನ ಮಗನ ಆಟದಲ್ಲಿ ಅವನ ಕೈಯಲ್ಲಿ ಬಂದೂಕು ಇತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ಅದನ್ನು ಅಳಿಸಿದ್ದು ತಪ್ಪೇ?"

ಗುರುಗಳು ಅವನನ್ನೇ ನೋಡುತ್ತಾ ಕೇಳಿದರು: "ಆ ಬಂದೂಕು ಹಿಡಿದು ಅವನು ಯಾರನ್ನು ಕಾಪಾಡುತ್ತಿದ್ದ?"